ಬಾಳೆಹಣ್ಣಿನ ವಾಸನೆ ಬಂತಾ?

ಬಸುರಿಯ ಗಂಡ ಕ್ಷೌರ ಮಾಡಿಸಬಾರದು, ಬೂದುಗುಂಬಳಕಾಯಿ ಒಡೀಬಾರದು, ಹೆಣಕ್ಕೆ ಹೆಗಲು ಕೊಡಬಾರದು. ಇದು ನಮ್ಮತ್ತೆಯ ಕಾನೂನು. ಕುಂಬಳಕಾಯಿಗೂ ಹೆಣಕ್ಕೂ ನಮ್ಮನೆಯವರು ಸಲೀಸಾಗಿ ಒಪ್ಪಿಕೊಂಡ್ರು, ಅವೆರಡೂ ದಿನಾ ಬರೋ ಕೆಲಸ ಅಲ್ಲವಲ್ಲ. ಗಡ್ಡ ಹಾಗಲ್ಲ, ದಿನಾ ಬೆಳೆಯುತ್ತೆ. ನನ್ನ ಹೊಟ್ಟೆ ಕಾಣಿಸೋ ಹೊತ್ತಿಗೆ ಇವರ ಕತ್ತು ಕಾಣಿಸದ ಹಾಗಾಗಿತ್ತು. ಹೂಡಿ ಬಸ್‌ಸ್ಟಾಪಿನಲ್ಲಿ ಯಾರೋ ಮುದುಕಪ್ಪ ಇವರಿಗೆ ಕೈಮುಗಿದು, 'ಯಾವ ಮಠ ಸ್ವಾಮೀ?' ಅಂತ ಕೇಳಿದ್ನಂತೆ. ಮನೆಗೆ ಬಂದು ಹೇಳಿದಾಗ ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. 'ಅಂಗೆಲ್ಲ ನಗ್ಬೇಡ, ಮೊಗ ಅಲ್ಲಾಡ್ತದೆ' ಅಂತ ಅತ್ತೆ ಗದರಿದ್ರು.

ನಕ್ಕೆ ಅಂದೆ, ಆದರೆ ಒಳಗೊಳಗೇ ನನಗೂ ಭಯ. ಹಿಂದಿನ ವರ್ಷ ಒಂದು ಮಗು ಮೂರು ತಿಂಗಳು ತುಂಬೋ ಮೊದಲೇ ಹೋಗಿತ್ತು. ಅದಕ್ಕೆ ಸ್ವಲ್ಪ ಮುಂಚೆ ಚಿಕ್ಕಪ್ಪನ ಮಗನ ಮದುವೆ ಅಂತ ಇವರು ನುಣ್ಣಗೆ ಶೇವ್ ಮಾಡಿಸ್ಕೊಂಡಿದ್ರು. ಅತ್ತೆ ಯಾರನ್ನೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಿ ಹಗುರ ಆಗ್ತಿದ್ದೆ. ಅವರು ಇವರ ರೇಜರ್ರು, ಬ್ರಶ್ಶು ಎಲ್ಲಾ ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟದ ಮೇಲಿಟ್ರು. ಈ ಸಲ ನನಗೆ ದಿನ ನಿಂತಾಗ ಇವರು ಅಟ್ಟದ ಕಡೆ ತಿರುಗಿಯೂ ನೋಡಲಿಲ್ಲ.

ನಾವಿಬ್ಬರೂ ಒಂದೇ ಕಡೆ ಕೆಲಸ ಮಾಡ್ತಿದ್ವಿ, ಬೆಂಗಳೂರಲ್ಲಿ ಹೂಡಿಯಿಂದ ಮಹದೇವಪುರಕ್ಕೆ ಹೋಗೋ ದಾರೀಲಿದ್ದ ಒಂದು ಕಾರ್ ಡೀಟೇಲಿಂಗ್ ಶಾಪಲ್ಲಿ. ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ, ಕಾರುಗಳಂತೂ ಎದ್ದು ಬಿದ್ದು ಬರ್ತಿದ್ವು. ಡೀಟೇಲಿಂಗ್ ಅಂದ್ರೆ ಬರೀ ತೊಳೆಯೋದಲ್ಲ. ಸೀಟಿನ ಸಂದೀಲಿರೋ ಬಿಸ್ಕತ್ ಪುಡಿ ಕೆದಕೋದರಿಂದ ಹಿಡಿದು, ಬಣ್ಣದ ಮೇಲೆ ಗಾಜಿನಂಥ ಕೋಟಿಂಗ್ ಬಳಿಯೋವರೆಗೂ ಕಾರಿಗೆ ಮದುವಣಗಿತ್ತಿ ಅಲಂಕಾರ. ನಾನು ಮುಂದೆ ಬಿಲ್ಲಿಂಗ್ ಟೇಬಲ್ಲಲ್ಲಿ. ಇವರು ಹಿಂದೆ, ಕೋಟಿಂಗ್ ರೂಮಲ್ಲಿ. ಧೂಳಿನ ಒಂದು ಕಣವೂ ಬರಬಾರದು ಅಂತ ಆ ರೂಮಿನ ಬಾಗಿಲು ಸದಾ ಮುಚ್ಚಿರೋದು. ಧೂಳು ಹೊರಗೇ ಉಳೀತಿತ್ತು, ಕೆಮಿಕಲ್ಲಿನ ಘಾಟು ಒಳಗೇ ಉಳೀತಿತ್ತು. ಬಾಗಿಲು ತೆಗೆದಾಗ ನನ್ನ ಟೇಬಲ್‌ವರೆಗೂ ಪೇಂಟ್ ಅಂಗಡಿ, ನೇಲ್ ಪಾಲಿಶ್, ಪೆಟ್ರೋಲು ಮೂರೂ ಕಲಸಿದ ಹಾಗೆ ಬರೋದು. ಬಸುರಿ ಮೂಗು ಬೇರೆ. ನಾನು ಸೆರಗು ಮುಚ್ಕೊಂಡು ಹೊರಗೆ ಓಡ್ತಿದ್ದೆ.

ನಮ್ಮ ಓನರ್ ಕೆಟ್ಟವರಲ್ಲ. ಕೈಗೆ ನೀಲಿ ಗ್ಲೌಸು, ಕಣ್ಣಿಗೆ ಗಾಗಲ್ಲು, ಮೈಗೆ ಏಪ್ರನ್ನು ಎಲ್ಲಾ ತರಿಸಿಟ್ಟಿದ್ರು. ಹಾಕ್ಕೊಳ್ಳೋರು ಬೇಕಲ್ಲ! ವೀಲ್ ತೊಳೆಯೋ ಆಸಿಡ್ಡಿಗೆ ಬರಿಗೈ ಹಾಕ್ತಿದ್ದ ನಮ್ಮ ಶಾಪಿನ ಮಹಾಶಯರೆಲ್ಲ, ಆಯುಧಪೂಜೆ ದಿನ ಪುಳಿಯೋಗರೆ ಕಲಸೋಕೆ ಮಾತ್ರ ಹೊಸ ಗ್ಲೌಸ್ ಪ್ಯಾಕೆಟ್ ಒಡೆದ್ರು. ಗಾಗಲ್ಲು ಯಾವಾಗಲೂ ಹಣೆ ಮೇಲೆ, ಹಣೆಗೇ ಕಣ್ಣಿರೋ ಹಾಗೆ. ಮೂಗಿಗೆ? ಒದ್ದೆ ಕರ್ಚೀಫು. ಇವರ ಕರ್ಚೀಫಂತೂ ಎಂಥದ್ದು ಅಂದ್ರೆ, ನಾನು ಅದನ್ನ ಬೇರೆ ಬಕೆಟ್ಟಲ್ಲಿ ನೆನೆಸ್ತಿದ್ದೆ. 'ಒದ್ದೆ ಬಟ್ಟೆ ಇದ್ರೆ ಎಲ್ಲ ಹೀರ್ಕೊಳ್ಳುತ್ತೆ ಕಣೇ' ಅಂತ ನನಗೇ ಪಾಠ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ನಮ್ಮ ಮನೆಯವರು ಊಟದ ವಿಷಯದಲ್ಲಿ ಮಹಾ ಕಿರಿಕ್ಕು. ಮದುವೆಯಾದ ಹೊಸದರಲ್ಲಿ ತಟ್ಟೆ ಮುಂದೆ ಕೂತ ತಕ್ಷಣ ಮೂಸೋರು. 'ಇಂಗು ಜಾಸ್ತಿ ಆಯ್ತು.' 'ಒಗ್ಗರಣೆ ಸೀದಿದೆ.' 'ಈ ತುಪ್ಪ ಹಳೇದು.' ನನಗೆ ಮೈಯೆಲ್ಲಾ ಉರಿಯೋದು. ಆ ವರ್ಷ ಅದೇನಾಯ್ತೋ, ಈ ಹೆಸರಿಡೋ ಚಾಳಿ ತಾನಾಗೇ ನಿಂತುಹೋಯ್ತು. ಹಾಕಿದ್ದನ್ನ ಉಪ್ಪಿನಕಾಯಿ ನೆಂಚಿಕೊಂಡು ತಿಂದು ಏಳೋರು. ಬಸುರಿ ಹೆಂಡತಿ ಮೇಲೆ ಪ್ರೀತಿ ಜಾಸ್ತಿಯಾಗಿದೆ ಅಂತ ನಾನು ಒಳಗೊಳಗೇ ಉಬ್ಬಿದೆ. ಅಕ್ಕನಿಗೆ ಫೋನ್ ಮಾಡಿ ಹೇಳಿಕೊಂಡೂ ಇದ್ದೆ.

ಹೀಗಿರುವಾಗ ಓನರ್ ಹೊಸ ಕಂಪನಿಯ ಕೋಟಿಂಗ್ ತರಿಸೋಕೆ ಶುರು ಮಾಡಿದ್ರು. ಆ ಕಂಪನಿಯವರದ್ದು ಒಂದೇ ಹಠ: ನಮ್ಮ ಮಾಲು ಬೇಕಾದ್ರೆ ನಿಮ್ಮ ಹುಡುಗರಿಗೆ ಸರಿಯಾದ ಮಾಸ್ಕ್ ಹಾಕಿಸಿ, ಅದು ಮುಖಕ್ಕೆ ಕೂರುತ್ತೋ ಇಲ್ವೋ ಟೆಸ್ಟ್ ಮಾಡಿಸಿ. ಟೆಸ್ಟ್ ಮಾಡೋಕೆ ಒಬ್ಬರನ್ನ ಅವರೇ ಕಳಿಸಿದ್ರು. ತೆಳ್ಳಗೆ, ಬೆಳ್ಳಗೆ ಇಸ್ತ್ರಿ ಶರ್ಟಿನ ಮನುಷ್ಯ, ತಮಿಳು ಬೆರೆಸಿದ ಕನ್ನಡ. ನಾವು ಅವರಿಗೆ ಮಾಸ್ಕ್ ಸಾರ್ ಅಂತಲೇ ಹೆಸರಿಟ್ವಿ. ಅವರು ಚೀಲದಿಂದ ತೆಗೆದದ್ದು ರಬ್ಬರಿನ ಮೂತಿ, ಎರಡು ಕೆನ್ನೆಗೂ ಘಾಟು ಹೀರೋ ಒಂದೊಂದು ಗುಂಡು ಡಬ್ಬಿ. ವೀಲ್ ತೊಳೆಯೋ ಯಾದಗಿರಿ ಕಡೆಯ ಅಣ್ಣ ಅದನ್ನ ಕೈಯಲ್ಲಿ ತೂಗಿ, 'ಮೂಗಿಗಿಂತ ಮೂಗುತಿ ಭಾರ ಆತ್ ನೋಡ್ರಿ' ಅಂದ. ಎಲ್ಲರೂ ಗೊಳ್ಳಂತ ನಕ್ರು.

ಟೆಸ್ಟು ಬಹಳ ಮಜವಾಗಿತ್ತು. ಮಾಸ್ಕ್ ಹಾಕಿದವನ ತಲೆ ಮೇಲೆ ದೊಡ್ಡ ಪಾರದರ್ಶಕ ಚೀಲ ಇಳಿಬಿಡೋದು. ಅದರೊಳಗೆ ಬಾಳೆಹಣ್ಣಿನ ವಾಸನೆಯ ಎಣ್ಣೆ ಅದ್ದಿದ ಕಾಗದ ನೇತುಹಾಕೋದು. ಆಮೇಲೆ ಅವನು ತಲೆ ಆಡಿಸಬೇಕು, ಬಗ್ಗಬೇಕು, ಬಾಯ್ತುಂಬ ಮಾತಾಡಬೇಕು. ಬಾಳೆಹಣ್ಣಿನ ವಾಸನೆ ಬಂದ್ರೆ ಮಾಸ್ಕು ಸೋರ್ತಿದೆ ಅಂತ ಅರ್ಥ. ಬರದಿದ್ರೆ ಪಾಸು. ಶುರು ಮಾಡೋ ಮುಂಚೆ ಪ್ರತಿಯೊಬ್ಬನಿಗೂ ಬಾಟಲಿ ಮೂಸಿಸಿ, 'ಇದೇ ವಾಸನೆ, ತಿಳೀತಾ?' ಅಂತ ಮಾಸ್ಕ್ ಸಾರ್ ಕೇಳೋರು. ಯಾದಗಿರಿ ಅಣ್ಣ ಮೂಸಿ, 'ಪುಟ್ಟಬಾಳೆ ಅಲ್ರಿ, ಪಚ್ಚಬಾಳೆ' ಅಂತ ತೀರ್ಪು ಕೊಟ್ಟ.

ಇವರ ಸರದಿ ಬಂದಾಗ ಮಾಸ್ಕ್ ಸಾರ್ ಕೈ ಕಟ್ಕೊಂಡು ನಿಂತುಬಿಟ್ರು. 'ಗಡ್ಡ ತೆಗೆದು ಬನ್ನಿ. ಗಡ್ಡದ ಮೇಲೆ ರಬ್ಬರ್ ಕೂರಲ್ಲ. ಒಂದೊಂದು ಕೂದಲೂ ಒಂದೊಂದು ಬಾಗಿಲು.'

'ಆಗಲ್ಲ ಸಾರ್' ಅಂದ್ರು ಇವರು. 'ಹೆಂಡ್ತಿ ಪ್ರೆಗ್ನೆಂಟು.' ಹೇಳಿ ನನ್ನ ಕಡೆ ಕೈ ತೋರಿಸಿದ್ರು. ಇಡೀ ಶಾಪು, ಜೊತೆಗೆ ಕಾರು ತಗೊಂಡು ಹೋಗೋಕೆ ಬಂದಿದ್ದ ಇಬ್ಬರು ಕಸ್ಟಮರ್ರು, ಎಲ್ಲರೂ ತಿರುಗಿ ನನ್ನ ಹೊಟ್ಟೆ ನೋಡಿದ್ರು. ನಾನು ಬಿಲ್ ಬುಕ್ ಅಡ್ಡ ಹಿಡ್ಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು.

ಮಾಸ್ಕ್ ಸಾರಿಗೆ ವಿಷಯ ಅರ್ಥವಾಯ್ತು. ಅವರ ಊರಲ್ಲೂ ಇದೇ ಪದ್ಧತಿ ಅಂತೆ. ಆದರೂ ರೂಲ್ಸ್ ರೂಲ್ಸೇ ಅಂತ ಅವರು, ಮಗು ಹುಟ್ಟೋವರೆಗೂ ಮುಟ್ಟಲ್ಲ ಅಂತ ಇವರು. ಮಾತಿಗೆ ಮಾತು ಬೆಳೀತು. ಕೊನೆಗೆ ಓನರ್ ಮಧ್ಯೆ ಬಂದು, 'ಟೆಸ್ಟ್ ಮಾಡಿ ಸಾರ್, ಫೇಲಾದ್ರೆ ಅವನೇ ಒಪ್ಕೊಳ್ತಾನೆ' ಅಂದ್ರು. ಆ ಬಿಸಿಯಲ್ಲಿ ಇವರಿಗೆ ಬಾಟಲಿ ಮೂಸಿಸೋದನ್ನ ಎಲ್ಲರೂ ಮರೆತ್ರು. ಗಡ್ಡದ ಪೊದೆ ಮೇಲೆ ರಬ್ಬರ್ ಮೂತಿ ಕೂತ್ಕೊಂಡು, ಅದರ ಮೇಲೆ ಚೀಲ ಇಳಿದು, ಇವರು ಒಳಗಿಂದ ಬಸ್ ಕಂಡಕ್ಟರ್ ಥರ ಕೂಗೋಕೆ ಶುರು ಮಾಡಿದ್ರು: 'ಹೂಡಿ, ಗರುಡಾಚಾರ್ ಪಾಳ್ಯ, ಮಹದೇವಪುರ, ಟಿನ್ ಫ್ಯಾಕ್ಟ್ರಿ...'

'ಬಾಳೆಹಣ್ಣಿನ ವಾಸನೆ ಬಂತಾ?'

'ಇಲ್ಲ ಸಾರ್.'

'ತಲೆ ಆಡಿಸಿ. ಈಗ?'

'ಏನೂ ಇಲ್ಲ ಸಾರ್.'

ಮಾಸ್ಕ್ ಸಾರ್ ಕಾಗದಕ್ಕೆ ಇನ್ನಷ್ಟು ಎಣ್ಣೆ ಸುರಿದ್ರು. ದೂರದಲ್ಲಿದ್ದ ನನಗೇ ಬಾಳೆಗೊನೆ ಕೆಳಗೆ ಕೂತ ಹಾಗಾಯ್ತು. ಚೀಲದೊಳಗಿನ ಋಷಿ ಮಾತ್ರ ಟಿನ್ ಫ್ಯಾಕ್ಟ್ರಿ ದಾಟಿ ಮೆಜೆಸ್ಟಿಕ್ ಮುಟ್ಟಿದ್ರೂ ವಾಸನೆ ಇಲ್ಲ ಅಂತಲೇ ಅಂದ್ರು. ಹುಡುಗರೆಲ್ಲ ಶಿಳ್ಳೆ ಹೊಡೆದ್ರು. 'ಸರ್ವಿಸಿಗೆ ಬಂದಾಗಿಂದ ಇಂಥ ಗಡ್ಡ ನೋಡಿಲ್ಲ' ಅಂತ ಮಾಸ್ಕ್ ಸಾರ್ ತಲೆ ಕೆರ್ಕೊಂಡು ಜಿಗಣಿಗೆ ಹೊರಟ್ರು. ಅಲ್ಲಿ ಯಾವುದೋ ಫ್ಯಾಕ್ಟರಿಯವರು ಕಾಯ್ತಿದ್ರು.

ಮನೇಲಿ ಅತ್ತೆಗೆ ಈ ಸುದ್ದಿ ಕೇಳಿ ಹೆಮ್ಮೆಯೋ ಹೆಮ್ಮೆ. 'ನೋಡ್ದಾ? ಪದ್ದತಿ ಬಿಡ್ದೋರ್ನ ದ್ಯಾವ್ರು ಕೈ ಬಿಡಾಕಿಲ್ಲ' ಅಂದ್ರು. ನಾನೂ ಹೂಂ ಅಂದೆ. ದೇವರೇ ಮಾಸ್ಕ್ ಕಂಪನಿ ಜೊತೆ ಮಾತಾಡಿ ಸರಿಮಾಡಿದ್ದಾನೆ ಅಂದ್ರೆ ನಾನ್ಯಾಕೆ ಬೇಡ ಅನ್ನಲಿ?

ಅದಾಗಿ ಆ ವಾರದ ರಜೆ ದಿನ ಬೆಳಿಗ್ಗೆ. ಅತ್ತೆ ಹೂವು ತರೋಕೆ ಹೋಗಿದ್ರು. ನಾನು ಸ್ಟವ್ ಮೇಲೆ ಹಾಲಿಟ್ಟು, 'ಸ್ವಲ್ಪ ನೋಡ್ಕೊಳ್ರೀ' ಅಂತ ಹೇಳಿ ಸ್ನಾನಕ್ಕೆ ಹೋದೆ. ಇವರು ಅಡುಗೆಮನೆ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಮ್ಯಾಚ್ ನೋಡ್ತಾ ಕೂತಿದ್ರು. ನಾನು ಸ್ನಾನ ಮುಗಿಸಿ ಬಾಗಿಲು ತೆಗೆದ ತಕ್ಷಣ ಗ್ಯಾಸಿನ ವಾಸನೆ ಮುಖಕ್ಕೆ ಹೊಡೀತು. ಹಾಲು ಉಕ್ಕಿ, ಉರಿ ಆರಿ, ಗ್ಯಾಸ್ ಬುಸ್ಸಂತ ಸೋರ್ತಿದೆ. ಇವರು ಸ್ಟವ್ ಮುಂದೆ ನಿಂತು, 'ಅಯ್ಯೋ, ಆರ್ಹೋಗಿದೆಯಲ್ಲ' ಅಂತ ಗೊಣಗ್ತಾ ಲೈಟರ್ ಕೈಗೆತ್ಕೊಂಡಿದ್ದಾರೆ.

ನಾನು ಕಿರುಚಿದ್ದು ಹೂಡಿ ರೈಲ್ವೆ ಗೇಟಿಗೂ ಕೇಳಿರಬೇಕು. ಲೈಟರ್ ಕಿತ್ಕೊಂಡು ಎಸೆದೆ, ಸ್ಟವ್ ಆಫ್ ಮಾಡಿದೆ, ಕಿಟಕಿ ಬಾಗಿಲೆಲ್ಲ ತೆಗೆದೆ. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತೆ. 'ನಿಮಗೇನು ಮೂಗಿಲ್ವೇನ್ರೀ?' ಅಂತ ಬೈದೆ. ಬೈಗುಳ ಅಂತಲೇ ಬೈದದ್ದು. ಇವರ ಕೈ ಮೂಗಿನ ಮೇಲೆ ಹೋಯ್ತು, ಅಲ್ಲೇ ಉಳೀತು.

ಎದ್ದು ಹೋಗಿ ಕಾಫಿಪುಡಿ ಡಬ್ಬಿ ತಂದೆ. ಇವರ ಕಣ್ಣು ಮುಚ್ಚಿಸಿ ಮೂಗಿಗೆ ಹಿಡಿದೆ. 'ಏನಿದು ಹೇಳಿ.'

ಬಹಳ ಹೊತ್ತು ಎಳೆದೆಳೆದು ಮೂಸಿದ್ರು. 'ರವೆ?'

ಇಂಗಿನ ಡಬ್ಬಿ ಹಿಡಿದೆ. ಮುಚ್ಚಳ ತೆಗೆದ್ರೆ ಪಕ್ಕದ ಮನೆಯವರೂ ಸೀನೋ ಇಂಗು. 'ಗೊತ್ತಾಗ್ತಿಲ್ಲ ಕಣೇ' ಅಂದ್ರು, ಕಣ್ಣು ಮುಚ್ಚಿಕೊಂಡೇ.

ಆಗ ನನಗೆ ಎಲ್ಲ ಅರ್ಥವಾಯ್ತು. ಚೀಲದೊಳಗೆ ಬಾಳೆಹಣ್ಣು ಬೇಕಾದಷ್ಟಿತ್ತು. ಮಾಸ್ಕು ಸೋರ್ತಾನೂ ಇತ್ತು. ಇವರಿಗೆ ಮೂಗೇ ಇರಲಿಲ್ಲ. ನನ್ನ ಅಡುಗೆಗೆ ಹೆಸರಿಡದೆ ಉಪ್ಪಿನಕಾಯಿ ನೆಂಚಿಕೊಂಡು ಉಂಡದ್ದು ಪ್ರೀತಿಗಲ್ಲ, ಉಪ್ಪು ಹುಳಿ ಬಿಟ್ಟು ಬೇರೆ ರುಚಿಯೇ ತಿಳೀತಿರಲಿಲ್ಲ. ಅದೆಷ್ಟು ತಿಂಗಳಾಗಿತ್ತೋ. ನೆಗಡಿ ಇರಬೇಕು, ಧೂಳಿರಬೇಕು ಅಂತ ತಮಗೇ ಸಮಾಧಾನ ಹೇಳ್ಕೊಂಡು ಇದ್ರಂತೆ. ನನಗೆ ಹೇಳಿದ್ರೆ ಗಾಬರಿಯಾಗ್ತೀನಿ, ಬಸುರಿ ಅಂತ ಬಾಯಿ ಬಿಟ್ಟಿರಲಿಲ್ಲ.

ಕಿವಿ ಮೂಗು ಗಂಟಲಿನ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಆ ಘಾಟೇ ಕಾರಣ ಅಂದ್ರು. ಸ್ವಲ್ಪ ದಿನ ಆ ರೂಮಿನಿಂದ ದೂರ ಇರಿ, ಆಮೇಲೂ ಸರಿಯಾದ ಮಾಸ್ಕ್ ಇಲ್ಲದೆ ಕಾಲಿಡಬೇಡಿ, ಮೂಗು ವಾಪಸ್ ಬಂದರೂ ಬರಬಹುದು, ಬರದೇ ಇದ್ರೂ ಇರಬಹುದು. ಹೀಗೇ ಮುಂದುವರಿದ್ರೆ ಮಾತ್ರ ಖಂಡಿತ ಬರಲ್ಲ. ಓನರ್ ರಜೆ ಕೊಟ್ರು. ವಾಪಸ್ ಬರಬೇಕಾದ್ರೆ ಗಡ್ಡ ತೆಗೆದೇ ಬರಬೇಕು ಅಂತಲೂ ಹೇಳಿದ್ರು. ಇವರಿಗೆ ಗೊತ್ತಿದ್ದದ್ದು ಕೋಟಿಂಗ್ ಕೆಲಸ ಒಂದೇ, ಅದರಲ್ಲಿ ಇವರನ್ನ ಮೀರಿಸೋರು ಆ ರಸ್ತೇಲಿ ಯಾರೂ ಇರಲಿಲ್ಲ. ನಾನು ಅಟ್ಟದಿಂದ ರೇಜರ್ ಕವರ್ ಇಳಿಸಿ ಇವರ ಮುಂದಿಟ್ಟೆ.

ಇವರು ಅದನ್ನ ಕಾಲಿಂದ ಹಿಂದಕ್ಕೆ ತಳ್ಳಿದ್ರು. 'ಮೂಗು ಹೋದ್ರೆ ಹೋಗ್ಲಿ ಕಣೇ. ಮಗು ಬರ್ಲಿ.'

ಅಲ್ಲಿವರೆಗೂ ನನಗೆ ಹೊಳೆದಿರಲಿಲ್ಲ. ಹಿಂದಿನ ಮಗು ಹೋದದ್ದು ತನ್ನಿಂದಲೇ ಅಂತ ಈ ಮನುಷ್ಯ ನಂಬಿಬಿಟ್ಟಿದ್ದಾರೆ. ಇಷ್ಟು ದಿನ ಒಬ್ಬರೇ ಹೊತ್ಕೊಂಡಿದ್ದಾರೆ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂತು. 'ಗಡ್ಡಕ್ಕೂ ಮಗುಗೂ ಏನ್ರೀ ಸಂಬಂಧ?' ಅಂತ ಕೂಗಿದೆ. ಕೂಗಿದೆನೇ ಹೊರತು, ಕೈ ಹೊಟ್ಟೆ ಮೇಲೇ ಇತ್ತು. ರೇಜರನ್ನ ಇನ್ನೊಂದು ಸಲ ಅವರ ಕಡೆ ತಳ್ಳೋ ಧೈರ್ಯ ನನಗೂ ಬರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸ್ಕೊಂಡ್ರು. ಈಗ ನಮ್ಮಿಬ್ಬರಿಗೂ ಪುರಾಣ ಶುರುವಾಗುತ್ತೆ ಅಂದ್ಕೊಂಡೆ. ಅವರು ದೇವರ ಕೋಣೆಗೆ ಹೋದ್ರು. ಬಟ್ಟೆ ಚೂರನ್ನ ಅರಿಶಿನದ ನೀರಲ್ಲಿ ಅದ್ದಿ, ಅದರಲ್ಲೊಂದು ನಾಣ್ಯ ಇಟ್ಟು ಗಂಟು ಕಟ್ಟಿದ್ರು. ತಪ್ಪುಕಾಣಿಕೆ. ನೇಮ ತಪ್ಪಿದವರು ದೇವರ ಮುಂದೆ ಎತ್ತಿಡೋದು. ಗಂಟನ್ನ ಮಾರಮ್ಮನ ಫೋಟೋ ಮುಂದಿಟ್ಟು, ಪಕ್ಕದ ಮನೆಯವರಿಗೂ ಕೇಳೋ ಹಾಗೆ ಜೋರಾಗಿ ಹೇಳಿದ್ರು:

'ನೋಡವ್ವಾ, ಗಡ್ಡ ತೆಗುಸ್ತಿರೋಳು ನಾನು. ಅವ್ನಲ್ಲ, ಅವ್ಳೂ ಅಲ್ಲ. ಓದ್ ಸಲದ್ದೂ ನನ್ ತಲೆ ಮ್ಯಾಲೇ ಆಕ್ಕೋ. ಏನ್ ಕ್ವಾಪ ಇದ್ರೂ ನನ್ ಮ್ಯಾಲೆ ತೀರುಸ್ಕೋ. ಮೊಗ ಕೊಡು, ನನ್ ಮಗನ್ ಮೂಗೂ ಕೊಡು. ಎಲ್ಡೂ ಕೊಟ್ ಮ್ಯಾಲೇ ಈ ಗಂಟು ನಿನ್ ಗುಡೀಗ್ ಬರಾದು.'

ಹೇಳಿ, ಸೆರಗು ಸೊಂಟಕ್ಕೆ ಸಿಗಿಸಿ, 'ಬಾರ್ಲಾ' ಅಂತ ಮಗನ ಕೈ ಹಿಡ್ಕೊಂಡು ಹೊರಟ್ರು. ನಾನೂ ಹಿಂದೆ ಓಡಿದೆ.

ನಮ್ಮ ಬೀದಿ ಕ್ಷೌರದಂಗಡಿಯವರು ಅತ್ತೆಗಿಂತ ಒಂದು ಕೈ ಮೇಲೆ. ಬಾಗಿಲಲ್ಲಿ ನಿಂತ ನನ್ನ ನೋಡಿ, ಕುರ್ಚೀಲಿ ಕೂತ ಇವರನ್ನ ನೋಡಿ, ಕತ್ತರಿ ಕೆಳಗಿಟ್ರು. 'ಅಕ್ಕಾ, ಸೊಸೆ ಬಸ್ರಿ. ನಂಗ್ಯಾಕೆ ಆ ಪಾಪ?'

'ಪಾಪ ನಾನ್ ಆಗ್ಲೇ ತಕ್ಕಂಡಿವ್ನಿ, ನಿಂಗೇನೂ ಮಿಕ್ಕಿಲ್ಲ. ನೀನ್ ಮಾಡ್ತೀಯೋ, ಇಲ್ಲಾ ಕತ್ತಿ ಇಂಗೆ ಕೊಡ್ತೀಯೋ?'

ಅತ್ತೆಯ ಕೈಗೆ ಕತ್ತಿ ಕೊಟ್ರೆ ಗಡ್ಡದ ಜೊತೆ ಇನ್ನೇನೇನು ಹೋಗುತ್ತೋ ಅಂತ ಅವರಿಗೂ ಅನ್ನಿಸಿರಬೇಕು. ನೊರೆ ಹಚ್ಚಿದ್ರು. ಗಡ್ಡ ಬೀಳ್ತಾ ಹೋಯ್ತು, ಒಳಗಿಂದ ನಮ್ಮ ಮನೆಯವರು ಹೊರಬಂದ್ರು, ಗಲ್ಲ ಎಲ್ಲ ಬೆಳ್ಳಗೆ, ಎಂಟನೇ ಕ್ಲಾಸ್ ಹುಡುಗನ ಥರ. ಇವರು ಕಣ್ಣು ಮುಚ್ಚಿಕೊಂಡೇ ಇದ್ರು. ಅತ್ತೆ ಬೆಂಚಿನ ಮೇಲೆ ಕೂತು ಬಾಯಲ್ಲಿ ಏನೋ ಹೇಳ್ಕೊಳ್ತಿದ್ರು.

ಮಾಸ್ಕ್ ಸಾರಿಗೆ ನಾನು ಫೋನಲ್ಲಿ ಮಂಗಳಾರತಿ ಎತ್ತಿದೆ. ಪಾಪ, ಅವರು 'ತಪ್ಪಾಯ್ತಮ್ಮ, ಮೊದಲು ಬಾಟಲಿ ಮೂಸಿಸಬೇಕಿತ್ತು' ಅಂತ ಮೂರ್ನಾಲ್ಕು ಸಲ ಹೇಳಿದ್ರು. ರಜೆ ಮುಗಿದ ದಿನ ಅವರೇ ಬಂದ್ರು. ಈ ಸಲ ಬಾಳೆಹಣ್ಣಲ್ಲ, ಕಹಿ ಮದ್ದಿನ ಸ್ಪ್ರೇ. ಇವರ ನಾಲಿಗೆಗೆ ಕಹಿ, ಹುಳಿ, ಉಪ್ಪು ಇನ್ನೂ ತಿಳೀತಿತ್ತು. ಮೊದಲು ಮಾಸ್ಕ್ ಇಲ್ಲದೆ ಹೊಡೆದ್ರು, ಇವರು ಹಾಗಲಕಾಯಿ ಕಷಾಯ ಕುಡಿದವರ ಥರ ಮುಖ ಮಾಡಿದ್ರು. ಆಮೇಲೆ ನುಣ್ಣನೆ ಗಲ್ಲಕ್ಕೆ ಮಾಸ್ಕ್ ಹಾಕಿ ಹೊಡೆದ್ರು. ಹೂಡಿಯಿಂದ ಮೆಜೆಸ್ಟಿಕ್‌ವರೆಗೂ ಕಹಿ ಇಲ್ಲ. ಅವತ್ತಿಂದ ದಿನಾ ಬೆಳಿಗ್ಗೆ ಶೇವ್ ಮಾಡ್ಕೊಂಡೇ ಆ ರೂಮಿಗೆ ಹೋಗೋರು. ಪ್ರತಿ ಸಲ ರೇಜರ್ ಕೈಗೆತ್ಕೊಂಡಾಗ ನನ್ನ ಹೊಟ್ಟೆ ಕಡೆ ಒಂದು ಸಲ ನೋಡೋರು. ನಾನು ಮಗು ಒದೆಯೋವರೆಗೂ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಒದೆ ಬಿದ್ದ ತಕ್ಷಣ, 'ಆಯ್ತು, ಕೆರ್ಕೊಳ್ಳಿ' ಅಂತ ಕೂಗಿ ಹೇಳ್ತಿದ್ದೆ.

ಮಗಳು ಹುಟ್ಟಿದ್ಲು. ದಪ್ಪಗೆ, ಕಪ್ಪಗೆ, ತಲೆ ತುಂಬ ಕೂದಲು. 'ಅಪ್ಪನ್ ಗಡ್ಡ ಎಲ್ಲೋಯ್ತು ಅಂದ್ರೆ ಇಲ್ಲೈತೆ' ಅಂದ್ರು ಅತ್ತೆ, ಕಣ್ಣೊರೆಸಿಕೊಳ್ತಾ. ಆದರೆ ಹಳದಿ ಗಂಟು ದೇವರ ಕೋಣೆಯಿಂದ ಅಲ್ಲಾಡಲಿಲ್ಲ. ಗುಡಿಗೆ ಒಪ್ಪಿಸಿ ಬರೋಣವಾ ಅಂದ್ರೆ, 'ಇನ್ನೊಂದು ಬಾಕಿ ಐತೆ' ಅನ್ನೋರು.

ಬಾಣಂತಿ ಮನೆಗೆ ಬಂದವರೆಲ್ಲ ಮಗುವಿನ ನೆತ್ತಿ ಮೂಸಿ, 'ಆಹಾ, ಹಾಲಿನ ವಾಸನೆ' ಅನ್ನೋರು. ಅತ್ತೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದ ಮೇಲೆ ಇಡೀ ಮನೆ ಘಮ್ಮನ್ನೋದು. ಒಂದು ಮಧ್ಯಾಹ್ನ ನಾನು ನಿದ್ದೆ ಬಂದ ಹಾಗೆ ಮಲಗಿದ್ದೆ. ಇವರು ಮೆಲ್ಲಗೆ ಬಂದು ತೊಟ್ಟಿಲ ಮೇಲೆ ಬಗ್ಗಿದ್ರು. ಮಗುವಿನ ಕುತ್ತಿಗೆ ಸಂದಿಗೆ ಮೂಗಿಟ್ಟು ಉದ್ದಕ್ಕೆ ಉಸಿರೆಳೆದ್ರು. ಸ್ವಲ್ಪ ತಡೆದು ಇನ್ನೊಂದು ಸಲ. ಆಮೇಲೆ ಹೊದಿಕೆ ಸರಿಮಾಡಿ ಹೊರಟುಹೋದ್ರು. ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ.

ಆಮೇಲೂ ತಿಂಗಳುಗಳು ಹೋದ್ವು. ಮಗು ಮಗುಚಿ ಬೀಳೋಕೆ ಶುರು ಮಾಡಿದ್ಲು. ಒಂದು ಸಂಜೆ ಇವರು ಕೆಲಸದಿಂದ ಬಂದು ನಡುಮನೇಲಿ ಚಾಪೆ ಮೇಲೆ ಕಣ್ಣು ಮುಚ್ಚಿ ಬಿದ್ಕೊಂಡಿದ್ರು. ನಾನು ಅಡುಗೆಮನೇಲಿ ತೆಂಗಿನಕಾಯಿ ತುರೀತಿದ್ದೆ. ಅತ್ತೆ ಹೊಸ್ತಿಲಲ್ಲಿ ಸೊಪ್ಪು ಬಿಡಿಸ್ತಿದ್ರು. ಮಗು ರೂಮಿನ ತೊಟ್ಟಿಲಲ್ಲಿ.

'ಲೇ, ಪಾಪು ಕಕ್ಕ ಮಾಡಿರಬೇಕು ನೋಡೇ' ಅಂದ್ರು ಇವರು, ಕಣ್ಣು ಬಿಡದೆ. 'ಗಬ್ಬು ನಾತ.'

ನನ್ನ ಕೈ ತುರಿಮಣೆ ಮೇಲೇ ನಿಂತಿತು. ಅತ್ತೆಯ ಕೈಯಿಂದ ಸೊಪ್ಪು ಜಾರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

'ಏನಂದೆ?' ಅಂದ್ರು ಅತ್ತೆ. 'ಇನ್ನೊಂದ್ ಸಲ ಅನ್ನು ಮಗಾ.'

'ನಾತ ಅಂದೆ ಕಣಮ್ಮ, ನಿಂಗ್ ಬರ್ತಿಲ್ವಾ...' ಅಂತ ಶುರು ಮಾಡಿದವರು ಅಲ್ಲೇ ನಿಲ್ಲಿಸಿದ್ರು. ಕಣ್ಣು ಬಿಟ್ರು. ಎದ್ದು ಕೂತ್ರು. ಮೂಗರಳಿಸಿ ಗಾಳಿ ಎಳೆದ್ರು. ತೊಟ್ಟಿಲ ಹತ್ರ ಓಡಿ ಮಗುನ ಎತ್ತಿಕೊಂಡು, ಎಲ್ಲಿ ಮೂಸಬಾರದೋ ಅಲ್ಲೇ ಮೂಗಿಟ್ಟು, 'ಅಮ್ಮಾ! ಬರ್ತೈತೆ ಕಣಮ್ಮಾ!' ಅಂತ ಕೂಗಿಕೊಂಡ್ರು. ಗಾಬರಿಗೆ ಮಗಳು ಕಿಟಾರನೆ ಕಿರುಚಿದ್ಲು. ಅತ್ತೆ ಆಗಲೇ ದೇವರ ಕೋಣೇಲಿದ್ರು, ಹಳದಿ ಗಂಟು ಸೆರಗಿಗೆ ಕಟ್ಕೊಳ್ತಿದ್ರು. ಮಾರಮ್ಮನ ದಿನ ಮಂಗಳವಾರ, ಅಲ್ಲಿವರೆಗೂ ತಡೀರಿ ಅಂತ ನಾನಂದ್ರೂ ಕೇಳದೆ ಹೊಸ್ತಿಲು ದಾಟಿ ಗುಡಿಗೆ ಹೊರಟ್ರು. ಆ ಗದ್ದಲದಲ್ಲಿ ಲಂಗೋಟಿ ಬದಲಾಯಿಸಿದ್ದು ಇವರೇ, ಮೊದಲನೇ ಸಲ.

ಮಾರನೇ ದಿನ ಊಟಕ್ಕೆ ತಟ್ಟೆ ಹಾಕಿ ಸಾರು ಬಡಿಸಿದೆ. ಉಪ್ಪಿನಕಾಯಿ ಜಾಡಿ ಹೊರಗಿಡಲಿಲ್ಲ. ಇವರು ತಟ್ಟೆ ಮೇಲೆ ಬಗ್ಗಿದ್ರು, ಮೊದಲಿನ ಹಾಗೆ ಮೂಸಿದ್ರು, ಮುಖ ಸಿಂಡರಿಸಿದ್ರು.

'ಇಂಗು ಜಾಸ್ತಿ ಆಯ್ತು.'

ಬೇಕಂತಲೇ ಹಾಕಿದ್ದೆ.